ಡಿಸ್ಕ್ರಿಷನ್: ಮೊರವೋ, ಮೊಹರೋ?

‘ಅದು ಸಾಹೇಬರ ಡಿಸ್ಕ್ರಿಷನ್.’ ಕಚೇರಿಯಲ್ಲಿ ಈ ಮಾತು ಕೇಳಿದ ಮೇಲೆ ಅರ್ಜಿದಾರರು ಮರುಮಾತಾಡುವುದಿಲ್ಲ. ಸಾಹೇಬರ ಮನಸ್ಸಿಗೆ ಬಂದಂತೆ ಆಗುತ್ತದೆ ಎಂದೇ ಅವರು ಅರ್ಥ ಮಾಡಿಕೊಳ್ಳುತ್ತಾರೆ. ಒಳ್ಳೆಯ ತೀರ್ಮಾನಶಕ್ತಿಗೆ ಇಂಗ್ಲಿಷ್ ಇಟ್ಟ ಹೆಸರು ನಮ್ಮಲ್ಲಿ ಬಾಯಿ ಮುಚ್ಚಿಸುವ ಮಾತಾಗಿರುವುದು ನನಗೆ ನೋವಿನ ಸಂಗತಿ.

ಲ್ಯಾಟಿನ್ ಮೂಲದ ಈ ಪದದ ಬೇರಿನಲ್ಲಿರುವುದು ‘ಬೇರ್ಪಡಿಸು’ ಎಂಬ ಅರ್ಥ. ನಮ್ಮ ‘ವಿವೇಚನೆ’ಯ ಹಿಂದಿರುವ ಸಂಸ್ಕೃತ ಧಾತು ‘ವಿಚ್’ ಹೇಳುವುದೂ ಅದನ್ನೇ. ಮೊರದಲ್ಲಿ ಕೇರಿ, ಜೊಳ್ಳು ಹಾರಿಸಿ, ಕಾಳು ಉಳಿಸಿಕೊಳ್ಳುವ ಕೆಲಸವದು. ಅನುವಾದದಲ್ಲಿ ತಪ್ಪಿಲ್ಲ. ತಪ್ಪಿರುವುದು ಬಳಕೆಯಲ್ಲಿ. ‘ವಿವೇಚನಾಧಿಕಾರ’ ಎಂಬ ಸಮಾಸದಲ್ಲಿ ಅಧಿಕಾರ ವಿವೇಚನೆಯನ್ನು ನುಂಗಿ ಕೂತಿದೆ.

ಇಂಗ್ಲೆಂಡಿನ ಕಾನೂನು ಈ ಅಪಾಯವನ್ನು 1598ರಲ್ಲೇ ಗುರುತಿಸಿತ್ತು. ಥೇಮ್ಸ್ ನದಿಯ ದಂಡೆ ದುರಸ್ತಿಯ ಖರ್ಚನ್ನೆಲ್ಲ ಅಧಿಕಾರಿಗಳು ರೂಕ್ ಎಂಬ ಒಬ್ಬನ ತಲೆಗೆ ಕಟ್ಟಿದರು. ದಂಡೆಯಿಂದ ಅನುಕೂಲ ಪಡೆದ ಅಕ್ಕಪಕ್ಕದ ಜಮೀನುದಾರರಿಗೆ ಏನೂ ಬೀಳಲಿಲ್ಲ. ವಿವೇಚನೆಯಂತೆ ನಡೆಯಲು ತಮಗೆ ಅಧಿಕಾರವಿದೆ ಎಂಬುದು ಅಧಿಕಾರಿಗಳ ವಾದ. ನ್ಯಾಯಾಲಯ ಒಪ್ಪಲಿಲ್ಲ. ವಿವೇಚನೆಯೆಂದರೆ ಸರಿ ತಪ್ಪುಗಳನ್ನು ಬಿಡಿಸಿ ನೋಡುವ ಶಾಸ್ತ್ರ, ಮನಸೋಇಚ್ಛೆ ಅಲ್ಲ ಎಂಬುದು ಕಾನೂನು ಪಂಡಿತ ಎಡ್ವರ್ಡ್ ಕೋಕ್ ದಾಖಲಿಸಿದ ಆ ತೀರ್ಪಿನ ತಿರುಳು.

ಇದೇ ಪಾಠವನ್ನು ಕರ್ನಾಟಕ ದುಬಾರಿ ಬೆಲೆ ತೆತ್ತು ಕಲಿಯಿತು. 1989ರಲ್ಲಿ ಮುಖ್ಯಮಂತ್ರಿ ಎಸ್.ಆರ್. ಬೊಮ್ಮಾಯಿ ಸದನದಲ್ಲಿ ಬಹುಮತ ತೋರಿಸಲು ಸಿದ್ಧರಿದ್ದರು. ರಾಜ್ಯಪಾಲರು ಅವಕಾಶ ಕೊಡಲಿಲ್ಲ, ಬಹುಮತವಿಲ್ಲವೆಂದು ತಾವೇ ತೀರ್ಮಾನಿಸಿ ದೆಹಲಿಗೆ ವರದಿ ಕಳಿಸಿದರು. ಸರ್ಕಾರ ವಜಾ ಆಯಿತು. 1994ರಲ್ಲಿ ಸುಪ್ರೀಂ ಕೋರ್ಟಿನ 9 ನ್ಯಾಯಮೂರ್ತಿಗಳ ಪೀಠ ತೀರ್ಪು ಕೊಟ್ಟಿತು. ಬಹುಮತ ಅಳೆಯಬೇಕಾದ ಜಾಗ ಸದನ, ರಾಜ್ಯಪಾಲರ ಸ್ವಂತ ಅಭಿಪ್ರಾಯವಲ್ಲ ಎಂದಿತು. ಅಷ್ಟರಲ್ಲಿ ಚುನಾವಣೆ ನಡೆದು ಬೇರೆ ಸರ್ಕಾರ ಬಂದಿತ್ತು. ಕಳೆದುಹೋದದ್ದು ಮರಳಲಿಲ್ಲ.

ನಿಯಮದ ಪುಸ್ತಕ ಎಲ್ಲ ಸಂದರ್ಭಗಳನ್ನೂ ಮೊದಲೇ ಊಹಿಸಲಾರದು. ಆದ್ದರಿಂದ ಅಧಿಕಾರಿಗೆ ವಿವೇಚನೆ ಬೇಕೇ ಬೇಕು. ಆದರೆ ಕೇರಿದವರು ಯಾವುದನ್ನು ಉಳಿಸಿದೆ, ಯಾವುದನ್ನು ಹಾರಿಸಿದೆ, ಯಾಕೆ ಎಂದು ತೋರಿಸಬೇಕು. ಕಾರಣ ಬರೆಯದ ಆದೇಶದಲ್ಲಿರುವುದು ಮೊಹರು ಮಾತ್ರ. ‘ಸಾಹೇಬರ ಡಿಸ್ಕ್ರಿಷನ್’ ಎಂದಾಗ ಅರ್ಜಿದಾರರು ಸುಮ್ಮನಾಗದೆ, ‘ಏನೇನು ತೂಗಿ ನೋಡಿದಿರಿ ಸ್ವಾಮಿ?’ ಎಂದು ಕೇಳಲಿ. ಆ ಪ್ರಶ್ನೆ ಅವಿಧೇಯತೆಯಲ್ಲ, ಪದದ ಅರ್ಥವೇ ಅದು.