ತಮ್ಮಣ್ಣ ಇಲ್ಲದ ಗಡ್ಡಪ್ಪ

‘ತಿಥಿ’ ನೋಡಿ ಹೊರಗೆ ಬಂದವರೆಲ್ಲ ಗಡ್ಡಪ್ಪನ ಜಪ ಮಾಡುತ್ತಿದ್ದರು. ಆ ಬಿಳಿ ಗಡ್ಡ, ಆ ನಡಿಗೆ, ಆ ಟೈಗರ್ ಬ್ರಾಂದಿ, ಹೆತ್ತಪ್ಪ ಸತ್ತ ಸುದ್ದಿ ಕೇಳಿದರೂ ತನಗೂ ಅದಕ್ಕೂ ಸಂಬಂಧವೇ ಇಲ್ಲ ಎಂಬಂಥ ನಿರಾಳ! ನಾನು ಮಾತ್ರ ಅವತ್ತಿನಿಂದ ಇವತ್ತಿನವರೆಗೂ ತಮ್ಮಣ್ಣನ ಪಾರ್ಟಿ.

ಪಾಪ, ತಮ್ಮಣ್ಣನಿಗೆ ಎಷ್ಟು ಕೆಲಸ. 101 ವರ್ಷದ ತಾತ ಸೆಂಚುರಿ ಗೌಡ ಸತ್ತಿದ್ದಾನೆ. ಐದು ಎಕರೆ ಜಮೀನು ಇನ್ನೂ ತಾತನ ಹೆಸರಿನಲ್ಲೇ ಇದೆ. ಅದು ಅಪ್ಪ ಗಡ್ಡಪ್ಪನ ಹೆಸರಿಗೆ ಬರಬೇಕು, ಅಪ್ಪ ಸಹಿ ಹಾಕಬೇಕು. ಅಪ್ಪನಿಗೆ ಜಮೀನೂ ಬೇಡ, ಪೌತಿ ಖಾತೆಯೂ ಬೇಡ. ಹನ್ನೊಂದನೇ ದಿನಕ್ಕೆ ತಿಥಿ, ಊರಿಗೆಲ್ಲ ಬಾಡೂಟ. ಬಡ್ಡಿ ಸಾಲ ತರಬೇಕು, ಲಂಚಕ್ಕೆ ಹೊಂದಿಸಬೇಕು, ಕುರಿ ಹಿಡಿಸಬೇಕು. ಹೊಣೆ ಹೊರಬೇಕಾದ ಮಗ ಅಭಿ, ಕುರಿಗಾಹಿಗಳ ಹುಡುಗಿ ಕಾವೇರಿಯ ಹಿಂದೆ ಬಿದ್ದಿದ್ದಾನೆ. ಕೊನೆಗೆ ತಮ್ಮಣ್ಣ ಏನು ಮಾಡುತ್ತಾನೆ? ಅಪ್ಪನ ಕೈಗೆ ದುಡ್ಡು ಕೊಟ್ಟು ದೇಶ ಸುತ್ತಿ ಬಾ ಎಂದು ಸಾಗಹಾಕಿ, ಬದುಕಿರುವ ಅಪ್ಪನ ಮರಣಪತ್ರ ಮಾಡಿಸಿಕೊಳ್ಳಲು ಹೊರಡುತ್ತಾನೆ. ಥಿಯೇಟರಿನಲ್ಲಿ ಯಾರೂ ಅವನನ್ನು ಬೈಯಲಿಲ್ಲ, ನಕ್ಕರು. ತಾಲ್ಲೂಕು ಕಚೇರಿಯ ಮೆಟ್ಟಿಲು ಹತ್ತಿ ಇಳಿದವರು ತಮ್ಮಣ್ಣನ ಮೇಲೆ ಸಿಟ್ಟಾಗುವುದು ಹೇಗೆ?

ಈಗ ಈ ಮನುಷ್ಯನನ್ನು ಕಥೆಯಿಂದ ಕಿತ್ತುಹಾಕಿ ನೋಡಿ. ಉಳಿಯುವುದು ಸುಮ್ಮನೆ ನಡೆದು ಹೋಗುವ ಒಬ್ಬ ಮುದುಕ. ಗಡ್ಡಪ್ಪ ‘ಬೇಡ’ ಅನ್ನುವುದಕ್ಕೆ ತೂಕ ಬಂದಿರುವುದು ಆ ‘ಬೇಡ’ದಿಂದ ಇನ್ನೊಬ್ಬನ ಸಂಸಾರ ಮುಳುಗುವ ಹಾಗಿರುವುದರಿಂದ. ಅವನ ನಿರಾಳಕ್ಕೆ ಬೇಕಾದ ಅಷ್ಟೂ ಬೆವರನ್ನು ತಮ್ಮಣ್ಣ ಸುರಿಸುತ್ತಾನೆ. ಬರವಣಿಗೆಯ ಜಾಣತನ ಇರುವುದು ಇಲ್ಲಿ. ನಿರ್ದೇಶಕ ರಾಮ್ ರೆಡ್ಡಿ, ಅವರ ಜೊತೆ ಕೂತು ಚಿತ್ರಕಥೆ ಬರೆದ ಈರೇಗೌಡ, ಇಬ್ಬರೂ ಗಡ್ಡಪ್ಪನನ್ನು ಹೊಗಳುವ ಒಂದು ಮಾತನ್ನೂ ಯಾರ ಬಾಯಲ್ಲೂ ಇಡಲಿಲ್ಲ. ಮಂಡ್ಯ ಜಿಲ್ಲೆಯ ನೊದೆಕೊಪ್ಪಲಿನ ಸುತ್ತಮುತ್ತಲ, ಕ್ಯಾಮೆರಾ ಮುಂದೆ ಹಿಂದೆಂದೂ ನಿಲ್ಲದ ಜನರನ್ನು ಕಟ್ಟಿಕೊಂಡು ಮಾಡಿದ ಈ ಸಿನಿಮಾಗೆ 2015ರಲ್ಲಿ ಲೊಕಾರ್ನೊ ಚಿತ್ರೋತ್ಸವದಲ್ಲಿ ಎರಡು ಪ್ರಶಸ್ತಿ ಬಂತು. ಅಷ್ಟು ದೂರದ ಸ್ವಿಟ್ಜರ್ಲೆಂಡಿನವರಿಗೆ ಪಹಣಿ ಅಂದರೆ ಏನು ಗೊತ್ತಿರುತ್ತದೆ? ಆದರೆ ಅಪ್ಪ–ಮಗನ ನಡುವಿನ ಎಳೆದಾಟ ಗೊತ್ತಾಯಿತು.

ಇನ್ನೊಂದು ಸಂಗತಿ. ಗಡ್ಡಪ್ಪ ಕುರಿಗಾಹಿಗಳ ಜೊತೆ ಕೂತು, ತನ್ನ ಮನೆಯ ಕಥೆ ಹೇಳುವ ದೃಶ್ಯ ಬರುತ್ತದೆ. ಏನು ಹೇಳಿದ ಎಂದು ಬರೆದರೆ ನೋಡದವರಿಗೆ ಅನ್ಯಾಯ. ಅಲ್ಲಿಯವರೆಗೆ ಅವನನ್ನು ಅವಧೂತ ಅಂದುಕೊಂಡಿರುತ್ತೇವೆ. ಆಮೇಲೆ ಹೊಳೆಯುತ್ತದೆ: ಇವನು ಸುಮ್ಮನೆ ಅಡ್ಡಾಡುತ್ತಿಲ್ಲ, ಬಿಟ್ಟು ನಡೆದವನು. ಆ ಮಾತು ಸಿನಿಮಾ ಸಾಕಷ್ಟು ಸಾಗಿದ ಮೇಲೆ ಬರುತ್ತದೆ, ಅದೂ ಹಿಂದೆ ಪಿಟೀಲು ಇಲ್ಲದೆ. ಅದನ್ನೇ ಮೊದಲ ಹತ್ತು ನಿಮಿಷದಲ್ಲಿ ಫ್ಲ್ಯಾಶ್‌ಬ್ಯಾಕ್ ಮಾಡಿ ತೋರಿಸಿದ್ದರೆ ಅಯ್ಯೋ ಪಾಪ ಅಂದುಕೊಂಡು ಪಾಪ್‌ಕಾರ್ನ್ ತಿನ್ನುತ್ತಿದ್ದೆವು. ಒಂದೇ ಸಂಗತಿ, ಎಲ್ಲಿ ಹೇಳಿದೆ ಎನ್ನುವುದರ ಮೇಲೆ ಮನುಷ್ಯನೇ ಬೇರೆಯಾಗುತ್ತಾನೆ.

2016ರಲ್ಲಿ ‘ತಿಥಿ’ ನಮ್ಮಲ್ಲಿ ಬಿಡುಗಡೆಯಾದ ಮೇಲೆ ನಡೆದದ್ದೂ ಪಾಠದ ಹಾಗಿದೆ. ಗಾಂಧಿನಗರಕ್ಕೆ ಆ ಗಡ್ಡ ಸಿಕ್ಕಿತು. ಅದೇ ವರ್ಷ ‘ತರ್ಲೆ ವಿಲೇಜ್’ ಬಂತು, ಆಮೇಲೆ ಇನ್ನೂ ಕೆಲವು. ಅವೇ ಮುಖಗಳು, ಅದೇ ಮಂಡ್ಯದ ಮಾತು. ಯಾವುದೂ ‘ತಿಥಿ’ಯ ಹತ್ತಿರ ಸುಳಿಯಲಿಲ್ಲ. ಆ ಹಿರಿಯರದೇನೂ ತಪ್ಪಿಲ್ಲ, ಅವರು ಹೇಗಿದ್ದರೋ ಹಾಗೇ ಬಂದು ನಿಂತರು. ಆದರೆ ಕರೆಸಿದವರು ಗಡ್ಡಪ್ಪನನ್ನು ಕರೆಸಿದರೇ ಹೊರತು ತಮ್ಮಣ್ಣನ ಸಂಕಟವನ್ನು ಕರೆಸಲಿಲ್ಲ.

ಇದೇ ಎಡವಟ್ಟು ದೊಡ್ಡವರಿಂದಲೂ ಆಗಿದೆ. ಪುಟ್ಟಣ್ಣ ಕಣಗಾಲ್ ಅವರಿಂದಲೇ.

1972ರ ಕೊನೆಗೆ ‘ನಾಗರಹಾವು’ ಬಂತು. ತರಾಸು ಅವರ ಮೂರು ಕಾದಂಬರಿಗಳನ್ನು ಕಲಸಿ ಮಾಡಿದ ಸಿನಿಮಾ. ಲೇಖಕರಿಗೆ ಅದು ಹಿಡಿಸಲಿಲ್ಲ, ನಾಗರಹಾವನ್ನು ಕೇರೆಹಾವು ಮಾಡಿಬಿಟ್ಟರು ಎಂದರಂತೆ. ಕಾದಂಬರಿ ಓದಿದವರಿಗೆ ಆ ಸಿಟ್ಟು ಅರ್ಥವಾಗುತ್ತದೆ. ಜನ ಮಾತ್ರ ಕೇರೆಯೋ ನಾಗರವೋ ಎಂದು ನೋಡದೆ ನಾಯಕ ರಾಮಾಚಾರಿಯನ್ನು ಹೊತ್ತು ಮೆರೆಸಿದರು. ಎರಡು ವರ್ಷದ ನಂತರ ಪುಟ್ಟಣ್ಣನವರೇ ಅದನ್ನು ಹಿಂದಿಯಲ್ಲಿ ‘ಜಹರೀಲಾ ಇನ್ಸಾನ್’ ಎಂದು ಮಾಡಿದರು. ನಿರ್ದೇಶಕ ಅವರೇ, ಕಥೆ ಅದೇ, ಚಿತ್ರದುರ್ಗದ ಬಂಡೆಗಳೂ ಅವೇ, ಜಲೀಲನ ಪಾತ್ರಕ್ಕೆ ಅಂಬರೀಷ್ ಕೂಡ ಅವರೇ. ಸಂಗೀತಕ್ಕೆ ಆರ್.ಡಿ. ಬರ್ಮನ್, ನಾಯಕನಾಗಿ ‘ಬಾಬಿ’ಯಿಂದ ಆಗಷ್ಟೇ ಮನೆಮಾತಾಗಿದ್ದ ರಿಷಿ ಕಪೂರ್. ಸಿನಿಮಾ ಮಕಾಡೆ ಮಲಗಿತು. ಕಿಶೋರ್ ಕುಮಾರ್ ಹಾಡಿದ ‘ಓ ಹಂಸಿನಿ’ ಒಂದು ಬದುಕಿ ಉಳಿಯಿತು.

ಯಾಕೆ ಹೀಗಾಯಿತು ಎಂದು ನಾನು ಎಷ್ಟೋ ಸಲ ತಲೆ ಕೆರೆದುಕೊಂಡಿದ್ದೇನೆ. ರಿಷಿ ಕಪೂರ್ ಒಳ್ಳೆಯ ನಟ, ಅದರಲ್ಲಿ ಎರಡು ಮಾತಿಲ್ಲ. ಆದರೆ ರಾಮಾಚಾರಿ ಊರು ಕೈಬಿಟ್ಟ ಹುಡುಗ. ಶಿಕ್ಷೆ ಕೊಟ್ಟ ಪ್ರಿನ್ಸಿಪಾಲರನ್ನು ರಾತ್ರೋರಾತ್ರಿ ಕಂಬಕ್ಕೆ ಕಟ್ಟಿಹಾಕುವವನು. ಅವನನ್ನು ಇಡೀ ದುರ್ಗದಲ್ಲಿ ಮನುಷ್ಯ ಎಂದು ಕಂಡವರು ಚಾಮಯ್ಯ ಮೇಷ್ಟ್ರು ಮತ್ತು ಅವರ ಹೆಂಡತಿ ತುಂಗಮ್ಮ. ವಿಷ್ಣುವರ್ಧನ್ ಆಗ ಹೊಸಬರು. ಅವರಿಗೆ ಜನರ ಪ್ರೀತಿಯ ಠೇವಣಿ ಇರಲಿಲ್ಲ, ಮೇಷ್ಟ್ರ ಪ್ರೀತಿಯೊಂದೇ ಬಂಡವಾಳ. ಬಾಂಬೆಯಲ್ಲಿ ತೆರೆ ಏಳುವ ಮೊದಲೇ ಇಡೀ ದೇಶ ನಾಯಕನನ್ನು ಮುದ್ದು ಮಾಡಿ ಆಗಿತ್ತು. ಹಾಗಿದ್ದ ಮೇಲೆ ಅವನಿಗೆ ಮೇಷ್ಟ್ರು ಯಾಕೆ ಬೇಕು?

‘ನಾಗರಹಾವು’ ನಿಂತಿರುವುದೇ ಆ ಮೇಷ್ಟ್ರ ಮೇಲೆ ಎಂಬುದು ನನ್ನ ಹಳೆಯ ಹಟ. ಅಶ್ವತ್ಥ್ ಅವರ ಚಾಮಯ್ಯನನ್ನು ನೆನೆದು ಕಣ್ಣೊರೆಸಿಕೊಳ್ಳುವವರು ಇವತ್ತಿಗೂ ಇದ್ದಾರೆ. ಆದರೆ ಆ ಮೇಷ್ಟ್ರು ಮಾಡುವುದೇನು, ಒಮ್ಮೆ ಲೆಕ್ಕ ಹಾಕಿ. ರಾಮಾಚಾರಿ ಪ್ರೀತಿಸಿದ ಅಲಮೇಲುವನ್ನು ಕೊಡುತ್ತೇನೆ ಎಂದ ಅವಳ ಅಣ್ಣ ವರದ ಮಾತಿಗೆ ತಪ್ಪುತ್ತಾನೆ. ಆಗ ಮೇಷ್ಟ್ರು ರಾಮಾಚಾರಿಗೆ ಹೇಳುವುದು ತ್ಯಾಗ ಮಾಡು ಅಂತ. ಹಾವಿನಂಥ ಹುಡುಗ ಮೇಷ್ಟ್ರ ಒಂದು ಮಾತಿಗೆ ಹೆಡೆ ಮಡಚುತ್ತಾನೆ. ಮುಂದೆ ಅದೇ ಅಲಮೇಲು ಗಂಡನ ದೆಸೆಯಿಂದ ಮೈಮಾರಿಕೊಳ್ಳುವ ಸ್ಥಿತಿಯಲ್ಲಿ ಅವನ ಕಣ್ಣಿಗೆ ಬೀಳುತ್ತಾಳೆ. ಆಮೇಲೆ ಅವನ ಬದುಕಿಗೆ ಮಾರ್ಗರೆಟ್ ಬರುತ್ತಾಳೆ. ಮತ್ತೆ ಮೇಷ್ಟ್ರು ಅಡ್ಡ ನಿಲ್ಲುತ್ತಾರೆ. ಈ ಸಲ ಅವನು ಕೇಳುವುದಿಲ್ಲ. ಹಟಮಾರಿ ಎಂಬ ಕಾರಣಕ್ಕಲ್ಲ, ಒಮ್ಮೆ ಕೇಳಿ ಆಗಿದೆ ಎಂಬ ಕಾರಣಕ್ಕೆ.

ಪಾತ್ರ ಬೆಳೆಯುವುದು ಅಂದರೆ ನನ್ನ ಮಟ್ಟಿಗೆ ಇಷ್ಟೇ. ಗಾಂಧಿನಗರದಲ್ಲಿ ಅದಕ್ಕೆ ‘ಕ್ಯಾರೆಕ್ಟರ್ ಗ್ರಾಫ್’ ಅನ್ನುತ್ತಾರೆ. ನಾಯಕ ಮೊದಲು ಪೋಲಿ, ಇಂಟರ್ವಲ್ ಆದಮೇಲೆ ಒಳ್ಳೆಯವನು, ನಡುವೆ ಒಂದು ಸಾವು. ರಾಮಾಚಾರಿ ಹಾಗೆ ಬದಲಾಗುವುದೇ ಇಲ್ಲ, ಮೊದಲಿನಿಂದ ಕೊನೆಯವರೆಗೂ ಅದೇ ಮುಂಗೋಪಿ. ಬದಲಾಗಿರುವುದು ಮೇಷ್ಟ್ರ ಮಾತಿಗೆ ಅವನ ಎದೆಯಲ್ಲಿದ್ದ ಬೆಲೆ. ಮೊದಲ ಒಪ್ಪಿಗೆಯ ದೃಶ್ಯ ಇಲ್ಲದಿದ್ದರೆ ಬೆಟ್ಟದ ಮೇಲಿನ ಕೊನೆಯ ದೃಶ್ಯ ಬರೀ ಅರಚಾಟ ಆಗಿಬಿಡುತ್ತಿತ್ತು. ಮೇಷ್ಟ್ರು ಕೆಟ್ಟವರಾಗಿದ್ದರೂ ಅಷ್ಟೇ. ತನ್ನನ್ನು ಮಗನಂತೆ ಕಂಡವರು, ಎರಡು ಸಲವೂ ತಪ್ಪಿದವರು, ಎರಡು ಸಲವೂ ಒಳ್ಳೆಯದೇ ಬಯಸಿದವರು. ಅಂಥವರ ಎದುರು ನಿಂತಾಗ ಹುಡುಗನ ಸಿಟ್ಟಿಗೆ ದಾರಿಯೇ ಇಲ್ಲ.

ಈಚಿನದರಲ್ಲಿ ‘ಕಾಂತಾರ’ದ ಮೊದಲರ್ಧ ನನಗೆ ಇಷ್ಟವಾಗಿದ್ದೂ ಹೀಗೆಯೇ. ಅರಣ್ಯಾಧಿಕಾರಿ ಮುರಳಿ (ಕಿಶೋರ್ ಎಷ್ಟು ಹದವಾಗಿ ಮಾಡಿದ್ದಾರೆ!) ಕಾನೂನಿನ ಕಡೆಯಿಂದ ನೋಡಿದರೆ ಸರಿಯಾಗೇ ಇದ್ದಾನೆ. ಶಿವನೂ ತನ್ನ ಕಾಡಿನ ಕಡೆಯಿಂದ ಸರಿ. ಇಬ್ಬರು ಸರಿಯಿದ್ದವರು ಗುದ್ದಾಡುವಾಗ ಸಿನಿಮಾ ತಾನಾಗಿಯೇ ಬಿಸಿಯಾಗುತ್ತದೆ. ಧಣಿಯ ಬಣ್ಣ ಬಯಲಾದ ಮೇಲೆ ಲೆಕ್ಕ ಸುಲಭವಾಗಿಬಿಟ್ಟಿತು, ನನ್ನ ಆಸಕ್ತಿ ಒಂದಿಷ್ಟು ಇಳಿಯಿತು. ಕೊನೆಯ ಇಪ್ಪತ್ತು ನಿಮಿಷದ ಆವೇಶ ಅದನ್ನು ಮರೆಸಿತು ಅನ್ನುವುದು ಬೇರೆ ಮಾತು. ದೈವ ಮೈಮೇಲೆ ಬಂದಾಗ ಚಿತ್ರಕಥೆಯ ತಪ್ಪು ಹುಡುಕುವಷ್ಟು ಧೈರ್ಯ ನನಗಿಲ್ಲ.

ಉಳಿದಂತೆ ಈಗ ಬರುವ ಬಹುಪಾಲು ದೊಡ್ಡ ಸಿನಿಮಾಗಳಲ್ಲಿ ನಾಯಕನ ಸುತ್ತ ಇರುವುದು ಭಜನೆ ಮಂಡಳಿ. ಅವನು ಬೆಂಕಿ, ಅವನು ಬಿರುಗಾಳಿ ಎಂದು ಖಳನಾಯಕನ ಕಡೆಯವರೇ ಹಾಡುತ್ತಾರೆ. ‘ಕೆಜಿಎಫ್’ನಲ್ಲಿ ಹಾಗೆ ಹಾಡಲು ಆನಂದ್ ಇಂಗಳಗಿ ಎಂಬ ಪತ್ರಕರ್ತನನ್ನು ಕೂರಿಸಿ, ಉತ್ಪ್ರೇಕ್ಷೆಯನ್ನು ಹೇಳುವವನ ಸ್ವಭಾವ ಮಾಡಿಕೊಂಡ ಚಾಲಾಕಿತನವಾದರೂ ಇತ್ತು. ಅದನ್ನು ನಕಲು ಮಾಡಿದವರು ದನಿಯನ್ನು ತಂದರು, ಇಂಗಳಗಿಯನ್ನು ಬಿಟ್ಟರು.

ಹೋದ ತಿಂಗಳು ಒಬ್ಬ ಹೊಸ ಹುಡುಗ ಕಾಫಿ ಕುಡಿಸಿ ಕಥೆ ಹೇಳಿದ. ಹೀರೋ ಎಂಟ್ರಿಗೇ ಹದಿನೈದು ನಿಮಿಷ ಹಿಡಿಯಿತು. ಮಳೆ, ಜೀಪು, ಬೀಡಿ, ಮೊದಲು ಬೂಟು, ಆಮೇಲೆ ಬೆನ್ನು. ಎಲ್ಲ ಕೇಳಿ, “ನಿನ್ನ ಹೀರೋ ಯಾರ ಮಾತಿಗೆ ತಲೆ ತಗ್ಗಿಸ್ತಾನಪ್ಪಾ?” ಅಂದೆ. “ಯಾರಿಗೂ ಇಲ್ಲ ಸಾರ್, ಅದೇ ಅವನ ಕ್ಯಾರೆಕ್ಟರ್ರು” ಅಂದ. ಮತ್ತೆ ಕಾಫಿ ಹೇಳಿ ತಮ್ಮಣ್ಣನ ಕಥೆ ತೆಗೆದೆ. ಹುಡುಗ ಬುದ್ಧಿವಂತ, ಅರ್ಧಕ್ಕೇ ಹಿಡಿದುಕೊಂಡ.

ನಾಲ್ಕು ದಿನ ಬಿಟ್ಟು ಫೋನ್ ಬಂತು. “ಸಾರ್, ಒಬ್ಬ ಸೋದರಮಾವನ್ನ ಬರೆದಿದೀನಿ. ಹೈಸ್ಕೂಲಲ್ಲಿ ಗುಮಾಸ್ತ. ಹೀರೋ ಅವನ ಹತ್ತಿರ ಹತ್ತು ಸಾವಿರ ಸಾಲ ತಗೊಂಡು ಕೊಟ್ಟಿಲ್ಲ. ಅವನು ಎದುರಿಗೆ ಬಂದ್ರೆ ಇವನು ರಸ್ತೆ ದಾಟಿಬಿಡ್ತಾನೆ.”

“ಭೇಷ್” ಅಂದೆ.

“ನಿರ್ಮಾಪಕರಿಗೂ ಇಷ್ಟ ಆಯ್ತು ಸಾರ್. ಆದ್ರೆ ಮಾವನಿಗೆ ಒಂದು ಫೈಟ್ ಇಡೋಕಾಗುತ್ತಾ ಅಂತ ಕೇಳ್ತಿದಾರೆ.”