ನಡುಗದ ಮಾತು

ರಾಯಚೂರು ಜಿಲ್ಲೆಯ ಶಾಲಾಮಕ್ಕಳು ವರ್ಷಕ್ಕೆ ಮೂರು ಸಲ ತ್ರಿವರ್ಣ ಧ್ವಜದ ಕೆಳಗೆ ಭಾಷಣ ಮಾಡುತ್ತಾರೆ. ಆಗಸ್ಟ್ 15 ಮತ್ತು ಜನವರಿ 26 ಇಡೀ ದೇಶದ್ದು. ಸೆಪ್ಟೆಂಬರ್ 17 ಹಳೆಯ ನಿಜಾಮ ಸೀಮೆಯವರಾದ ನಮ್ಮದು. ಮೂರಕ್ಕೂ ಚೀಟಿ ಒಂದೇ ಥರದ್ದು. ಗುರುಗಳು ರೂಲಿನ ಹಾಳೆಯ ಮೇಲೆ ಬರೆದುಕೊಡುತ್ತಾರೆ, ಹುಡುಗರು ಎಂಟು ದಿನ ಬಾಯಿಪಾಠ ಹಾಕುತ್ತಾರೆ, ಒಂಬತ್ತನೆಯ ದಿನ ಮೈಕಿನ ಮುಂದೆ ಒದರಿ ಇಳಿಯುತ್ತಾರೆ. ‘ವೇದಿಕೆಯ ಮೇಲೆ ಆಸೀನರಾಗಿರುವ’ ಎಂದು ಶುರು, ‘ನನ್ನೆರಡು ಮಾತುಗಳನ್ನು ಮುಗಿಸುತ್ತೇನೆ’ ಎಂದು ಕೊನೆ. ನಡುವಿನ ಆ ಎರಡು ಮಾತು ಯಾರವು ಎಂದು ಯಾರೂ ಕೇಳುವುದಿಲ್ಲ.

ಕೇಳಬೇಕಾದ ಜಾಗದಲ್ಲಿ ನಾನೂ ಕೂತಿದ್ದೆ, ಕೇಳಲಿಲ್ಲ. ಪ್ರತಿಭಾ ಕಾರಂಜಿ ಇರಲಿ, ಊರ ಸಂಘದವರ ಸ್ಪರ್ಧೆ ಇರಲಿ, ತೀರ್ಪು ಕೊಡಲು ಕರೆದರೆ ಹೋಗುವ ಚಟ ನನಗೆ. ಒಮ್ಮೆ ದೇವದುರ್ಗದ ಕಡೆಯ ಒಂದು ಊರಲ್ಲಿ ಸೆಪ್ಟೆಂಬರ್ 17ರ ಭಾಷಣ ಸ್ಪರ್ಧೆ. ಎಂಟನೆಯ ಇಯತ್ತೆಯ ಹುಡುಗನೊಬ್ಬ ಸರ್ದಾರ್ ಪಟೇಲರಿಂದ ಶುರು ಮಾಡಿ, 1948ರ ಸೆಪ್ಟೆಂಬರ್ 13ಕ್ಕೆ ಸೈನ್ಯ ಒಳಗೆ ಬಂದದ್ದು, 17ಕ್ಕೆ ನಿಜಾಮ ಶರಣಾದದ್ದು ಎಲ್ಲ ಸರಾಗವಾಗಿ ಹೇಳುತ್ತ ಬಂದ. ನಿಜಾಮನ ಪರ ನಿಂತ ಸಶಸ್ತ್ರ ಪಡೆಯಾದ ರಜಾಕಾರರ ಹೆಸರು ಬಂದ ಕಡೆ ತಡೆದ. ಚೀಟಿ ಮರೆತಿರಬೇಕು ಅಂದುಕೊಂಡೆವು. ಅವನು ನೆಲ ನೋಡುತ್ತ, ‘ನಮ್ಮ ಮುತ್ಯಾ ಹೇಳ್ತಿದ್ದ, ಆಗ ಸಜ್ಜಿ ಹೊಲದಾಗ ರಾತ್ರಿಯೆಲ್ಲ ಮಲಗೀವಿ ಅಂತ’ ಅಂದ. ಧ್ವನಿ ಅದುರಿತು. ಮತ್ತೊಂದು ಮಾತು ಬಂತು, ಅದರ ಅರ್ಧಕ್ಕೆ ಗಂಟಲು ಕಟ್ಟಿತು. ಮುಂದೆ ಚೀಟಿಗೂ ವಾಪಸು ಹೋಗಲಾಗಲಿಲ್ಲ, ಮುತ್ಯಾನ ಹತ್ತಿರಕ್ಕೂ ಹೋಗಲಾಗಲಿಲ್ಲ. ಇಳಿದು ಹೋದ. ನನ್ನ ಕೈಯಲ್ಲಿದ್ದ ಹಾಳೆಯಲ್ಲಿ ‘ನಿರರ್ಗಳತೆ’ ಅಂತ ಒಂದು ಕಾಲಂ ಇತ್ತು. ಹತ್ತಕ್ಕೆ ಮೂರು ಹಾಕಿದೆ. ಕೈ ಬೀಸಿ ಬೀಸಿ ಮಾತಾಡಿದ ಮತ್ತೊಬ್ಬನಿಗೆ ಒಂಬತ್ತು ಕೊಟ್ಟೆ. ಅವನು ಏನು ಹೇಳಿದ ಎಂಬುದರಲ್ಲಿ ಒಂದಕ್ಷರವೂ ನನಗೆ ಇವತ್ತು ನೆನಪಿಲ್ಲ. ಸಜ್ಜಿ ಹೊಲ ಕಣ್ಣಮುಂದಿದೆ.

ಈ ಬರಹ ಆ ಮೂರು ಅಂಕದ ಬಗ್ಗೆ. ಮಾತಿನ ನಡುಕವನ್ನು ರೋಗ ಎಂದು ಹಿಡಿದು, ಅದಕ್ಕೆ ಬಾಯಿಪಾಠದ ಗುಳಿಗೆ ಕೊಡುವ ಪದ್ಧತಿ ನಮ್ಮಲ್ಲಿ ಬೇರೂರಿದೆ. ಗುಳಿಗೆ ಕೆಲಸ ಮಾಡುತ್ತದೆ ಅನ್ನುವುದೇ ಅದರ ದೋಷ. ನಡುಕ ಹೋಗುತ್ತದೆ, ಹೋಗುವಾಗ ಮಾತಿನೊಳಗಿನ ಖರೆಯನ್ನೂ ಒಯ್ಯುತ್ತದೆ.

ಪಂಡಿತರು ಇದಕ್ಕೆ ಸಭಾಕಂಪ ಅಂದರು. ನಮ್ಮ ಜನಕ್ಕೆ ಅದು ಬರೇ ಅಂಜಿಕಿ. ಹೆಸರು ಯಾವುದಾದರೂ ಲಕ್ಷಣ ಒಂದೇ. ಎದಿ ಡವಡವ, ಬಾಯಿ ಒಣಗುವುದು, ಮೊಳಕಾಲು ಸಡಿಲ, ಹಾಳೆ ಹಿಡಿದ ಕೈ ಹಾಳೆಗಿಂತ ಹೆಚ್ಚು ಅಲುಗುವುದು. ಆದರೆ ಇದೇ ಮನುಷ್ಯ ಸಂತೆಯಲ್ಲಿ ನಾಲ್ಕು ಮಂದಿಯ ನಡುವೆ ಜೋಳದ ದರಕ್ಕೆ ಜಗಳ ತೆಗೆದಾಗ, ಮಾನ್ವಿ ಕಡೆಯ ಕಾಲುವೆಯ ಕೆಳಭಾಗಕ್ಕೆ ನೀರು ಮುಟ್ಟಲಿಲ್ಲವೆಂದು ಎಂಜಿನಿಯರನ್ನು ತರಾಟೆಗೆ ತಗೊಂಡಾಗ ಎದಿ ಡವಡವ ಅನ್ನುವುದಿಲ್ಲ, ಅಂದರೂ ಅವನಿಗೆ ಅದು ಗೊತ್ತಾಗುವುದಿಲ್ಲ. ಮೈಕು ಕೊಟ್ಟ ಕೂಡಲೇ ಏನಾಗುತ್ತದೆ? ‘ಅದ’ ಅನ್ನುವವನು ‘ಇರುತ್ತದೆ’ ಅನ್ನಬೇಕಾಗುತ್ತದೆ. ‘ಬರ್ರಿ’ ಹೋಗಿ ‘ಆಗಮಿಸಬೇಕಾಗಿ’ ಬರುತ್ತದೆ. ಎರವಲು ಅಂಗಿ ತೊಟ್ಟು ಮದುವೆಗೆ ಹೋದವನ ಲಕ್ಷ್ಯವೆಲ್ಲ ಗುಂಡಿಯ ಮೇಲೆಯೇ. ಅಂಜಿಕೆಯ ಅರ್ಧ ಭಾಗ ಸಭೆಯದ್ದು ಅಂತ ನನಗೆ ಅನ್ನಿಸುವುದಿಲ್ಲ, ಆ ಅಂಗಿಯದ್ದು.

ಇದಕ್ಕೆ ನಮ್ಮ ಸೀಮೆಯ ಚರಿತ್ರೆಯೂ ಕಾರಣ. ನಿಜಾಮನ ಆಳ್ವಿಕೆಯಲ್ಲಿ ಕಚೇರಿ, ಕೋರ್ಟು, ಶಾಲೆ ಹೆಚ್ಚಾಗಿ ಉರ್ದುವಿನಲ್ಲಿ. ಸಾರ್ವಜನಿಕ ಸಭೆ ನಡೆಸಲು ಮೊದಲೇ ಅನುಮತಿ ಬೇಕಿತ್ತು. ನಾಲ್ಕು ಮಂದಿಯ ಮುಂದೆ ಬಾಯಿ ಬಿಡುವುದೇ ಸರ್ಕಾರದ ಕಣ್ಣಿಗೆ ಬೀಳುವ ಕೆಲಸ. ಅಂಥ ದಿನಗಳಲ್ಲಿ, 1934ರಲ್ಲಿ, ರಾಯಚೂರಲ್ಲಿ ಕನ್ನಡ ಸಾಹಿತ್ಯ ಸಮ್ಮೇಳನ ನಡೆಯಿತು. ಅಧ್ಯಕ್ಷರು ಪಂಜೆ ಮಂಗೇಶರಾಯರು, ಕರಾವಳಿಯ ಶಿಕ್ಷಕ, ಮಕ್ಕಳ ಕವಿ. ಎರಡು ದಶಕಗಳ ನಂತರ ಮತ್ತೆ ಇಲ್ಲಿಯೇ ಸಮ್ಮೇಳನ, ಆಗ ಅಧ್ಯಕ್ಷರು ನಾಟಕಕಾರ ಶ್ರೀರಂಗರು.  2016ರ ಡಿಸೆಂಬರಿನಲ್ಲಿ ಮೂರನೆಯದು, ಬರಗೂರು ರಾಮಚಂದ್ರಪ್ಪನವರ ಅಧ್ಯಕ್ಷತೆಯಲ್ಲಿ. ಮೊದಲ ಸಮ್ಮೇಳನದ ಕಾಲದಲ್ಲಿ ಕನ್ನಡ ಮಾತಾಡುವುದೇ ಧೈರ್ಯ. ಈಗ ಆ ಧೈರ್ಯ ಬೇಕಿಲ್ಲ. ಬೇಕಾದದ್ದು ಹಾರ, ಶಾಲು, ನೆನಪಿನ ಕಾಣಿಕೆ, ಮತ್ತು ವೇದಿಕೆ ಮೇಲಿನ ಇಪ್ಪತ್ತು ಮಂದಿಯ ಹೆಸರನ್ನು ದರ್ಜೆ ತಪ್ಪದಂತೆ ಹೇಳುವ ನೆನಪಿನ ಶಕ್ತಿ. ನಮ್ಮ ಭಾಷಣಕಾರ ಹೆದರುವುದು ಹೆಚ್ಚಾಗಿ ಈ ದರ್ಜೆಗೆ. ಒಂದು ಹೆಸರು ಬಿಟ್ಟರೆ ಸಂಜೆಗೆ ಫೋನ್ ಬರುತ್ತದೆ. ತಪ್ಪು ಮಾತಾಡಿದ್ದಕ್ಕೆ ಯಾರೂ ಫೋನ್ ಮಾಡಿದ್ದು ನಾನು ಕೇಳಿಲ್ಲ.

ಸೆಪ್ಟೆಂಬರ್ 17ರ ಚೀಟಿಯನ್ನೇ ನೋಡಿ. 2019ರಿಂದ ಆ ದಿನಕ್ಕೆ ಕಲ್ಯಾಣ ಕರ್ನಾಟಕ ಉತ್ಸವ ಎಂಬ ಹೆಸರು ಬಂದಿದೆ. ಚೀಟಿಯಲ್ಲಿ ಆದ ಬದಲಾವಣೆ ಅಷ್ಟೇ. ರಜಾಕಾರರ ಹಾವಳಿಯಲ್ಲಿ ಊರು ಬಿಟ್ಟವರ ಮೊಮ್ಮಕ್ಕಳು ನಮ್ಮ ಶಾಲೆಗಳಲ್ಲಿದ್ದಾರೆ. ಸೈನ್ಯ ಒಳಗೆ ಬಂದ ಆ ‘ಪೊಲೀಸ್ ಕಾರ್ಯಾಚರಣೆ’ಯ ನಂತರ ಸಂಕಟಕ್ಕೆ ಸಿಕ್ಕ ಮುಸ್ಲಿಂ ಮನೆಗಳ ಮೊಮ್ಮಕ್ಕಳೂ ಅದೇ ಬೆಂಚಿನ ಮೇಲಿದ್ದಾರೆ. ಭಾರತ ಸರ್ಕಾರವೇ ಕಳಿಸಿದ್ದ ಪಂಡಿತ್ ಸುಂದರಲಾಲ್ ಸಮಿತಿ ಆ ಸಂಕಟವನ್ನು ದಾಖಲಿಸಿತ್ತು, ವರದಿ ದಶಕಗಳ ಕಾಲ ಹೊರಬರಲಿಲ್ಲ. ಎರಡು ನೋವನ್ನೂ ಒಂದೇ ಉಸಿರಲ್ಲಿ ಹೇಳಹೊರಟ ಯಾವ ಮಗುವಿನ ಧ್ವನಿಯೂ ಅದುರದೆ ಇರಲಾರದು. ಚೀಟಿಯಲ್ಲಿ ಅದು ಇಲ್ಲ, ಹಾಗಾಗಿ ಚೀಟಿ ಓದುವವರ ಧ್ವನಿ ಗಟ್ಟಿ.

ಇನ್ನು ರಾಯಚೂರು ನಗರದಲ್ಲಿ ಅಂಜಿಕೆ ಬಿಡಿಸುವ ಕ್ಲಾಸುಗಳೇನೂ ಕಡಿಮೆ ಇಲ್ಲ. ಸ್ಪೋಕನ್ ಇಂಗ್ಲಿಷ್ ಜೊತೆಗೆ ವ್ಯಕ್ತಿತ್ವ ವಿಕಸನ ಉಚಿತ. ಹಿಂದಿನ ಗೋಡೆ ನೋಡಿ ಮಾತಾಡಿ, ಕೈ ಹೀಗೆ ತಿರುವಿ, ನಗುತ್ತ ಇರಿ ಅನ್ನುತ್ತಾರೆ. ಸಂದರ್ಶನಕ್ಕೆ ಹೋಗುವ ಹುಡುಗರಿಗೆ ಇದರಿಂದ ಉಪಯೋಗ ಇಲ್ಲವೆನ್ನಲಾರೆ. ಆದರೆ ಗೋಡೆ ನೋಡಿ ಮಾತಾಡುವುದನ್ನು ಕಲಿತವನು ಮುಂದೆ ಜನ ಎದುರಿಗೆ ಕೂತರೂ ಗೋಡೆಯನ್ನೇ ನೋಡುತ್ತಾನೆ. ನಮ್ಮ ಎಷ್ಟೋ ಜನಪ್ರತಿನಿಧಿಗಳ ಮಾತು ಕೇಳುವಾಗ ನನಗೆ ಆ ಗೋಡೆಯ ನೆನಪಾಗುತ್ತದೆ.

ಅಮೆರಿಕದ ಇಬ್ಬರು ಮನಶ್ಶಾಸ್ತ್ರಜ್ಞರು, ಸವಿಟ್ಸ್ಕಿ ಮತ್ತು ಗಿಲೊವಿಚ್, 2003ರಲ್ಲಿ ಪ್ರಕಟಿಸಿದ ಒಂದು ಅಧ್ಯಯನ ಇದಕ್ಕಿಂತ ಕೆಲಸಕ್ಕೆ ಬರುವಂಥದ್ದು. ತನ್ನ ಪುಕ್ಕಲುತನ ಎದುರಿನವರಿಗೆ ಎಷ್ಟು ಕಾಣುತ್ತಿದೆ ಎಂದು ಮಾತಾಡುವವನು ಅಂದುಕೊಂಡಿರುತ್ತಾನೋ, ನಿಜಕ್ಕೂ ಅಷ್ಟು ಕಾಣುವುದಿಲ್ಲ. ಈ ಸಂಗತಿಯನ್ನು ಮೊದಲೇ ತಿಳಿಸಿ ಕಳಿಸಿದಾಗ ಜನ ಹೆಚ್ಚು ಚೆನ್ನಾಗಿ ಮಾತಾಡಿದರು. ಅಂದರೆ ನಡುಕ ಹೋಗಲಿ ಎಂದು ಕಾಯುವುದು ಬೇಡ, ಅದು ಇರಲಿ, ಅದರ ಪಾಡಿಗೆ ಅದು. ಗಾಂಧಿಯವರೂ ಹೀಗೆ ನಡುಗಿದವರೇ. ಮುಂಬಯಿಯ ಸಣ್ಣ ದಾವೆಗಳ ಕೋರ್ಟಿನಲ್ಲಿ ಮೊದಲ ಸಲ ಎದ್ದು ನಿಂತು, ತಲೆ ತಿರುಗಿ, ಒಂದು ಪ್ರಶ್ನೆಯೂ ಹೊಳೆಯದೆ ಕೂತುಬಿಟ್ಟರು, 30 ರೂಪಾಯಿ ಫೀಸು ಬಿಟ್ಟುಕೊಟ್ಟರು. ಆ ಸಂಕೋಚವೇ ತನಗೆ ಮಾತಿನ ಮಿತವ್ಯಯ ಕಲಿಸಿತು ಎಂದು ಆತ್ಮಕಥೆಯಲ್ಲಿ ಒಪ್ಪಿಕೊಂಡಿದ್ದಾರೆ. ನಮ್ಮ ವೇದಿಕೆಗೆ ಆ ಮಿತವ್ಯಯ ಸ್ವಲ್ಪ ಸಾಲ ಸಿಕ್ಕಿದ್ದರೆ ಚೆನ್ನಾಗಿತ್ತು.

ಆದರೆ ಇಷ್ಟು ದೂರ ಹೋಗುವ ಅಗತ್ಯವೂ ಇಲ್ಲ. ನಾಲ್ಕು ಮಂದಿಯ ಮುಂದೆ ನಿಂತು ತನ್ನ ಖರೆ ಹೇಳಿಕೊಳ್ಳುವ ಒಂದು ಗಟ್ಟಿ ಪರಂಪರೆ ಇದೇ ಮಾನ್ವಿ, ದೇವದುರ್ಗದ ಮಣ್ಣಿನಲ್ಲಿ ಬೆಳೆಯಿತು. ವಿಜಯದಾಸರು ತುಂಗಭದ್ರೆಯ ದಂಡೆಯ ಚೀಕಲಪರವಿಯವರು. ಗೋಪಾಲದಾಸರು ದೇವದುರ್ಗ ತಾಲ್ಲೂಕಿನ ಮೊಸರಕಲ್ಲಿನವರು. ಜಗನ್ನಾಥದಾಸರು ಮಾನ್ವಿ ಸೀಮೆಯ ಬ್ಯಾಗವಟ್ಟಿಯವರು. ಹದಿನೆಂಟನೆಯ ಶತಮಾನದ ಹರಿದಾಸ ಸಾಹಿತ್ಯದ ಮುಖ್ಯ ಹೆಸರುಗಳು ಒಂದೇ ಜಿಲ್ಲೆಯ ಒಂದು ಮೂಲೆಯವು. ಜಗನ್ನಾಥದಾಸರ ಕಥೆ ಇಲ್ಲಿ ಎಲ್ಲರಿಗೂ ಗೊತ್ತು. ಪೂರ್ವಾಶ್ರಮದಲ್ಲಿ ಅವರು ಶ್ರೀನಿವಾಸಾಚಾರ್ಯ, ಸಂಸ್ಕೃತದ ಗರ್ವದ ಪಂಡಿತರು. ಕನ್ನಡದಲ್ಲಿ ಹಾಡಿಕೊಂಡು ಓಡಾಡುವ ವಿಜಯದಾಸರನ್ನು ಹಗುರವಾಗಿ ಕಂಡು, ಹೊಟ್ಟೆನೋವೆಂದು ಸುಳ್ಳು ನೆಪ ಹೇಳಿ ಅವರ ಪಂಕ್ತಿಯ ಊಟ ತಪ್ಪಿಸಿದರು. ಸುಳ್ಳು ಹೊಟ್ಟೆನೋವು ನಿಜವಾಗಿ ಕಾಡಿತು. ಗೋಪಾಲದಾಸರು ತಮ್ಮ ಆಯುಷ್ಯದ ನಲವತ್ತು ವರ್ಷ ಧಾರೆ ಎರೆದ ಮೇಲೆ ಬದುಕಿದರು ಎನ್ನುತ್ತದೆ ಐತಿಹ್ಯ. ಪವಾಡ ನಂಬುವುದು ಬಿಡುವುದು ಅವರವರಿಗೆ ಬಿಟ್ಟದ್ದು. ನನಗೆ ಕಾಣುವುದು ಇಷ್ಟು: ಸಭೆಯ ಮುಂದೆ ಹೇಳಿದ ಸುಳ್ಳೇ ಇಲ್ಲಿ ರೋಗ. ವಾಸಿಯಾದ ಮನುಷ್ಯ ಆ ಮೇಲೆ ದೊಡ್ಡ ಕೃತಿ ಬರೆದದ್ದು ಸಂಸ್ಕೃತದಲ್ಲಲ್ಲ, ಕನ್ನಡ ಷಟ್ಪದಿಯಲ್ಲಿ. ಹರಿಕಥಾಮೃತಸಾರ ಹುಟ್ಟಿದ್ದು ಎರವಲು ಅಂಗಿ ಕಳಚಿದ ಮೇಲೆ.

ದಾಸರ ಪದ್ಧತಿಯಲ್ಲಿ ಅಂಜುವವನಿಗೆ ಎರಡು ಆಸರೆ ಇದ್ದವು. ಒಂದು, ಕೈಗೆ ಕೆಲಸ. ತಂಬೂರಿ, ಚಿಟಿಕೆ, ಕಾಲಿಗೆ ಗೆಜ್ಜೆ. ಮೈಕಿನ ಮುಂದೆ ನಿಂತವನಿಗೆ ಎರಡು ಕೈ ಎಲ್ಲಿಡಬೇಕೆಂಬುದೇ ದೊಡ್ಡ ಸಮಸ್ಯೆ, ದಾಸರಿಗೆ ಅದು ಬಂದಿರಲಾರದು. ಧ್ವನಿ ಅದುರಿದರೆ ತಾಳ ಹಿಡಿದು ನಿಲ್ಲಿಸುತ್ತಿತ್ತು. ಎರಡು, ಅಂಕಿತ. ಪದದ ಕೊನೆಗೆ ವಿಜಯವಿಠಲ, ಗೋಪಾಲವಿಠಲ, ಜಗನ್ನಾಥವಿಠಲ ಎಂದು ಬರುವಾಗ, ಮೇಲೆ ಹೇಳಿದ್ದಕ್ಕೆಲ್ಲ ನಾನು ಜವಾಬ್ದಾರ ಎಂದು ಸಹಿ ಹಾಕಿದ ಹಾಗೆ. ನಮ್ಮ ಚೀಟಿಗೆ ಅಂಕಿತವಿಲ್ಲ.

ಈ ಪರಂಪರೆಯನ್ನು ಹೊಗಳಿ ಕೈ ತೊಳೆದುಕೊಳ್ಳುವುದು ಸುಲಭ, ಹಾಗೆ ಮಾಡುವವರೂ ಬೇಕಾದಷ್ಟಿದ್ದಾರೆ. ನನ್ನ ತಕರಾರು ಬೇರೆ. ದಾಸರ ಪ್ರಾಮಾಣಿಕತೆ ಒಳಮುಖದ್ದು. ತನ್ನ ಲೋಭ, ತನ್ನ ಡಂಭ, ತನ್ನ ಮೈಗಳ್ಳತನವನ್ನು ಬೀದಿಯಲ್ಲಿ ನಿಂತು ದೇವರ ಮುಂದೆ ಬಿಚ್ಚಿಡುವ ಧೈರ್ಯ ದೊಡ್ಡದು, ಒಪ್ಪಿದೆ. ದೇವರು ತಿರುಗಿ ಪ್ರಶ್ನೆ ಕೇಳುವುದಿಲ್ಲ, ಕೂಲಿಯನ್ನೂ ಮುರಿದುಕೊಳ್ಳುವುದಿಲ್ಲ. ಊರ ಗೌಡನ ಲೋಭದ ಬಗ್ಗೆ ಅದೇ ಬೀದಿಯಲ್ಲಿ ಹೆಸರು ಹಿಡಿದು ಹೇಳುವುದು ಬೇರೆಯ ಅಂಜಿಕೆ, ಅದಕ್ಕೆ ಬೇರೆಯ ತಾಲೀಮು ಬೇಕು. ಆ ಬೀದಿಯಲ್ಲಿ ನಿಲ್ಲುವ ಹಕ್ಕೇ ಇಲ್ಲದವರ ಮಾತಂತೂ ಆ ತಂಬೂರಿಗೆ ನಿಲುಕಲಿಲ್ಲ.

ಆ ಬೇರೆಯ ತಾಲೀಮು ನಡೆದದ್ದೂ ಮಾನ್ವಿ ತಾಲ್ಲೂಕಿನಲ್ಲಿಯೇ. ಪೋತ್ನಾಳದ ಸುತ್ತ ದಲಿತ ಕೂಲಿಕಾರ ಹೆಣ್ಣುಮಕ್ಕಳು ಕಟ್ಟಿಕೊಂಡ ಜಾಗೃತ ಮಹಿಳಾ ಸಂಘಟನೆಯ ಹೆಸರು ಈ ಭಾಗದಲ್ಲಿ ಕೇಳದವರು ಕಡಿಮೆ. 2006ರ ಫೆಬ್ರವರಿಯಲ್ಲಿ ಉದ್ಯೋಗ ಖಾತ್ರಿ ಕಾಯ್ದೆ ದೇಶದ ಮೊದಲ 200 ಜಿಲ್ಲೆಗಳಲ್ಲಿ ಜಾರಿಗೆ ಬಂದಾಗ ರಾಯಚೂರು ಅದರಲ್ಲಿತ್ತು. ಕೆಲಸ ಬೇಕೆಂದು ಅರ್ಜಿ ಕೊಡಬೇಕು, ಕೊಟ್ಟದ್ದಕ್ಕೆ ರಸೀದಿ ಪಡೀಬೇಕು, ಕೂಲಿ ಹದಿನೈದು ದಿನದೊಳಗೆ ಬರಬೇಕು. ಇದೆಲ್ಲ ಕಾಗದದಲ್ಲಿ ಇದ್ದರೆ ಸಾಲದು, ಪಂಚಾಯ್ತಿ ಕಟ್ಟೆಯ ಮೇಲೆ ಎದ್ದು ನಿಂತು ಒಬ್ಬಳು ಕೇಳಬೇಕಿತ್ತು. ಹಾಗೆ ಕೇಳುವವಳಿಗೆ ಯಾವ ಕ್ಲಾಸೂ ಇರಲಿಲ್ಲ. ಇಂಥ ಸಂಘಗಳಲ್ಲಿ ನಾನು ಕಂಡ ಕ್ರಮ ಸರಳ. ಮೊದಲು ಗುಂಪಾಗಿ ಹಾಡು, ಧ್ವನಿಗೆ ಧ್ವನಿ ಸೇರುವಾಗ ಯಾರದು ಅದುರುತ್ತಿದೆ ಗೊತ್ತಾಗುವುದಿಲ್ಲ. ಆಮೇಲೆ ಮನೆಯಂಗಳದಲ್ಲಿ ತಮ್ಮ ತಮ್ಮೊಳಗೇ ಕಷ್ಟ ಹೇಳಿಕೊಳ್ಳುವುದು. ಆಮೇಲೆ ಪಂಚಾಯ್ತಿಗೆ ಹೋಗುವುದು, ಒಬ್ಬಳು ಮಾತಾಡುವಾಗ ಉಳಿದವರು ಹಿಂದೆ ಕೂರದೆ ಪಕ್ಕಕ್ಕೇ ನಿಲ್ಲುವುದು. ದಾಸರಿಗೆ ತಾಳ ಇದ್ದ ಜಾಗದಲ್ಲಿ ಇವರಿಗೆ ಪಕ್ಕದವಳ ಭುಜ. ರಾಯಚೂರಿಗೆ ಏಮ್ಸ್ ಬೇಕೆಂದು 2022ರ ಮೇನಲ್ಲಿ ಶುರುವಾಗಿ ವರ್ಷಗಟ್ಟಲೆ ನಡೆದ ಧರಣಿಯ ಚಪ್ಪರವೂ ಇಂಥದೇ ಒಂದು ಶಾಲೆ. ದಿನಾ ಯಾರಾದರೂ ಮಾತಾಡಲೇಬೇಕು, ಕೇಳುವವರು ಹತ್ತೇ ಮಂದಿ ಇದ್ದರೂ ಸರಿ. ಅಲ್ಲಿ ಘೋಷಣೆ ಮಾತನ್ನು ನುಂಗಿಬಿಟ್ಟ ದಿನಗಳೂ ಇದ್ದವು, ಅದು ಬೇರೆ.

ಕಾನೂನಿನ ಪ್ರಕಾರ ಗ್ರಾಮಸಭೆ ಆರು ತಿಂಗಳಿಗೊಮ್ಮೆಯಾದರೂ ನಡೆಯಬೇಕು. ಎಷ್ಟೋ ಕಡೆ ನಡೆಯುವುದು ಹಾಜರಿ ಪುಸ್ತಕದಲ್ಲಿ ಮಾತ್ರ. ಮಾನ್ವಿ ಕಡೆಯ ಒಂದು ಊರಲ್ಲಿ ಮಾತ್ರ ನಿಜವಾಗಿ ನಡೆದದ್ದನ್ನು ಗುಡಿಯ ಕಟ್ಟೆಯ ಮೇಲೆ ಕೂತು ನೋಡಿದ್ದೇನೆ. ಐವತ್ತು ದಾಟಿದ ಹೆಣ್ಣುಮಗಳೊಬ್ಬಳು ಎದ್ದಳು. ಸೆರಗಿನ ತುದಿ ಬೆರಳಿಗೆ ಸುತ್ತುತ್ತ ಬಿಚ್ಚುತ್ತ ನಿಂತಳು. ಧ್ವನಿ ಮೊದಲಿಂದ ಕೊನೆಯವರೆಗೂ ನಡುಗುತ್ತಲೇ ಇತ್ತು. ‘ಕೆರಿ ಹೂಳು ತೆಗದೀವ್ರಿ. ಹನ್ನೆರಡು ದಿನ. ನನ್ನ ಹೆಸರಿಗೆ ಐದು ದಿನ ಬರದೀರಿ. ಉಳಿದ ಏಳು ದಿನ ಯಾರ ಹೆಸರಿಗಿ ಅದ, ಓದ್ರಿ.’ ವೇದಿಕೆಯ ಮೇಲೆ ಆಸೀನರಾದವರಿಗೆ ನಮಸ್ಕಾರವಿಲ್ಲ, ಕೊನೆಗೆ ವಂದನೆಯೂ ಇಲ್ಲ. ಅವಳ ಮಾತಿಗೆ ನಿಮಿಷವೂ ಹಿಡಿಯಲಿಲ್ಲ.

ಅಧಿಕಾರಿ ‘ಆಗಲಿ, ನೋಡೋಣ, ಬರಕೊಂಡೀನಿ’ ಅಂದರು. ಅವಳು ಕೂರಲಿಲ್ಲ. ‘ಏನು ಬರಕೊಂಡ್ರಿ, ಅದನ್ನರ ಓದ್ರಿ’ ಅಂದಳು. ಅವರು ನಡಾವಳಿ ಪುಸ್ತಕ ಕೈಗೆತ್ತಿಕೊಂಡರು. ಓದಲು ಶುರು ಮಾಡಿದಾಗ ಅವರ ಧ್ವನಿ ಅದುರುತ್ತಿತ್ತು.