‘ಅಂಕುರ್’: ಕ್ಯಾಮೆರಾ ತಿರುಗದ ಕಡೆ ಇದ್ದ ಪ್ರೀತಿ

ಶ್ಯಾಮ್ ಬೆನೆಗಲ್ 2024ರ ಡಿಸೆಂಬರ್‌ನಲ್ಲಿ ತೀರಿಕೊಂಡಾಗ ಬಹುಪಾಲು ನುಡಿನಮನಗಳು ‘ಅಂಕುರ್’ ಹೆಸರನ್ನೇ ಮುಂದಿಟ್ಟವು. ಅದಕ್ಕೆ ಕಾರಣಗಳೂ ಇದ್ದವು. 1974ರ ಆ ಚಿತ್ರಕ್ಕೆ ಬಂಡವಾಳ ಹಾಕಿದ್ದು ಮುಂಬೈ ಚಿತ್ರೋದ್ಯಮದ ಕುಳಗಳಲ್ಲ, ಜಾಹೀರಾತು ಚಿತ್ರಗಳನ್ನು ಹಂಚುತ್ತಿದ್ದ ಬ್ಲೇಜ್ ಸಂಸ್ಥೆ. ಶಬಾನಾ ಆಜ್ಮಿಗೆ ಅದು ಮೊದಲ ಚಿತ್ರ, ನಮ್ಮ ಅನಂತನಾಗ್ ಅವರಿಗೆ ಮೊದಲ ಹಿಂದಿ ಚಿತ್ರ. ಬರ್ಲಿನ್ ಚಿತ್ರೋತ್ಸವದ ಸ್ಪರ್ಧೆಗೆ ಹೋಯಿತು. ಶಬಾನಾ ಮತ್ತು ಸಾಧು ಮೆಹರ್ ಇಬ್ಬರಿಗೂ ರಾಷ್ಟ್ರಪ್ರಶಸ್ತಿ ತಂದುಕೊಟ್ಟಿತು. ಜಮೀನುದಾರಿಕೆಯನ್ನು ಬಯಲಿಗೆಳೆದ ಚಿತ್ರ ಎಂಬ ಅದರ ಖ್ಯಾತಿಯ ಬಗ್ಗೆ ನನ್ನ ತಕರಾರಿಲ್ಲ. ತಕರಾರು ಇರುವುದು ಅದರೊಳಗಿನ ಪ್ರೇಮದ ಬಗ್ಗೆ. ಈ ಕಥೆಯಲ್ಲಿ ಇಬ್ಬರು ಬಡವರ ನಡುವೆ ನಿಜವಾದ ಪ್ರೀತಿಯೊಂದಿದೆ. ಚಿತ್ರ ಅದನ್ನು ಪಕ್ಕಕ್ಕೆ ಸರಿಸಿ, ಧಣಿಯ ಮಗನ ಆಸೆಯ ಬೆನ್ನು ಹತ್ತಿತು.

ಆ ಧಣಿಯ ಮಗ ಸೂರ್ಯ ಹೈದರಾಬಾದಿನಲ್ಲಿ ಓದಿದ ಹುಡುಗ. ಇನ್ನೂ ಓದಬೇಕೆಂದವನನ್ನು ಅಪ್ಪ ಹಳ್ಳಿಯ ಜಮೀನು ನೋಡಿಕೊಳ್ಳಲು ಅಟ್ಟುತ್ತಾನೆ. ಈ ಹುಡುಗನ ಲೋಕ ಬೆನೆಗಲ್‌ಗೆ ಅಂಗೈ ರೇಖೆಯಷ್ಟು ಗೊತ್ತಿತ್ತು. ಹೈದರಾಬಾದಿನ ಉಳ್ಳವರ ಪೇಟೆಯಾಗಿ ಬೆಳೆದ ಅಬಿಡ್ಸ್‌ನಿಂದ ಅವರು ಓದಿದ ನಿಜಾಮ್ ಕಾಲೇಜಿಗೆ ನಡೆದೇ ಹೋಗಬಹುದು. ಹೈದರಾಬಾದ್ ಫಿಲ್ಮ್ ಸೊಸೈಟಿ ಕಟ್ಟಿದವರೂ ಅವರೇ. ಹಾಗಾಗಿ ಸೂರ್ಯನ ಬೇಸರ, ಆದರ್ಶದ ಸೋಗು, ಅಪ್ಪನೆದುರಿನ ಅಂಜಿಕೆ ಎಲ್ಲವೂ ಕರಾರುವಾಕ್ಕಾಗಿ ಮೂಡಿವೆ. ಹಳ್ಳಿಗೆ ಬಂದವನೇ ಮನೆಗೆಲಸದ ದಲಿತ ಹೆಣ್ಣು ಲಕ್ಷ್ಮಿಯ ಕೈಯಲ್ಲಿ ಚಹಾ ಮಾಡಿಸಿ ಕುಡಿಯುತ್ತಾನೆ, ತನಗೆ ಜಾತಿಯ ಹಂಗಿಲ್ಲ ಎನ್ನುತ್ತಾನೆ. ಅಲ್ಲಿಂದ ಮುಂದೆ ಕ್ಯಾಮೆರಾ ಅವನ ಕಣ್ಣಿನ ಜೊತೆಗೇ ಹೊರಡುತ್ತದೆ. ಲಕ್ಷ್ಮಿ ಕಸ ಗುಡಿಸುವುದು, ನೀರು ತರುವುದು, ಅಡುಗೆ ಮಾಡುವುದು ಎಲ್ಲವನ್ನೂ ನಾವು ಅವನಂತೆಯೇ ದೂರದಿಂದ ನೋಡುತ್ತೇವೆ. ಅವನು ಹತ್ತಿರ ಬರಲು ಹವಣಿಸುವುದಕ್ಕೆ ಚಿತ್ರದಲ್ಲಿ ಧಾರಾಳ ಸಮಯವಿದೆ. ಅವಳು ಏಕೆ ಒಪ್ಪಿದಳು, ಹೆದರಿಕೆಯೋ, ಒಂಟಿತನವೋ, ಮಗುವಿನ ಹಂಬಲವೋ, ನಿಜವಾದ ಒಲವೋ ಎಂಬುದರ ಬಳಿ ಚಿತ್ರ ನಿಲ್ಲುವುದೇ ಇಲ್ಲ.

ಆ ಹಂಬಲವನ್ನು ಮೊದಲಿಗೆ ತೋರಿಸಿದ್ದೂ ಈ ಚಿತ್ರವೇ. ಜಾತ್ರೆಯಲ್ಲಿ ಲಕ್ಷ್ಮಿ ದೇವಿಯೆದುರು ಮಗು ಬೇಡಿಕೊಳ್ಳುವುದರೊಂದಿಗೆ ಕಥೆ ತೆರೆದುಕೊಳ್ಳುತ್ತದೆ. ಗಂಡ ಕಿಷ್ಟಯ್ಯ ಕುಂಬಾರ. ಕಿವಿ ಕೇಳದ, ಮಾತು ಬಾರದ ಮನುಷ್ಯ. ಅಲ್ಯೂಮಿನಿಯಂ ಪಾತ್ರೆ ಬಂದ ಮೇಲೆ ಅವನ ಮಡಿಕೆಗೆ ಗಿರಾಕಿ ಇಲ್ಲ, ಕುಡಿತ ಹತ್ತಿದೆ. ಹೆಂಡ ಕದ್ದು ಸಿಕ್ಕಿಬಿದ್ದು, ತಲೆ ಬೋಳಿಸಿಕೊಂಡು ಕತ್ತೆಯ ಮೇಲೆ ಮೆರವಣಿಗೆಯಾದ ಮೇಲೆ ಊರು ಬಿಡುತ್ತಾನೆ. ತಿಂಗಳುಗಳ ನಂತರ ಮರಳಿ ಬಂದು ಹೆಂಡತಿಯ ಬಸುರನ್ನು ಮುಟ್ಟಿ ಹಿಗ್ಗುತ್ತಾನೆ, ದೇವರಿಗೆ ಕೈ ಮುಗಿಯುತ್ತಾನೆ. ಲಕ್ಷ್ಮಿ ಅಳುತ್ತಾಳೆ. ಇಡೀ ಚಿತ್ರದಲ್ಲಿ ಅಧಿಕಾರದ ಸೋಂಕಿಲ್ಲದ ಪ್ರೀತಿಯ ಗಳಿಗೆ ಎಂದರೆ ಇದೊಂದೇ, ಅದೂ ಕ್ಷಣಾರ್ಧದಲ್ಲಿ ಮುಗಿಯುತ್ತದೆ. ಈ ಗಂಡಹೆಂಡಿರು ಸನ್ನೆಯಲ್ಲಿ ಹೇಗೆ ಜಗಳವಾಡುತ್ತಿದ್ದರು, ಹೇಗೆ ನಗುತ್ತಿದ್ದರು, ಕುಡಿದು ಬಂದ ರಾತ್ರಿ ಏನಾಗುತ್ತಿತ್ತು ಎಂಬುದನ್ನು ತೋರಿಸಿದ್ದರೆ ಕೊನೆಯಲ್ಲಿ ಸೂರ್ಯ ಕಿಷ್ಟಯ್ಯನ ಮೇಲೆ ಬೀಸುವ ಏಟು ಇಬ್ಬರ ಬಾಳಿನ ಮೇಲೆ ಬಿದ್ದ ಏಟಾಗುತ್ತಿತ್ತು. ಈಗ ಅದು ನಿಸ್ಸಹಾಯಕನೊಬ್ಬನ ಮೇಲಾದ ಅನ್ಯಾಯ ಮಾತ್ರ. ಮರುಕ ಹುಟ್ಟುತ್ತದೆ, ಏನು ಕಳೆದುಹೋಯಿತೆಂಬ ಲೆಕ್ಕ ಸಿಗುವುದಿಲ್ಲ.

ಇದು ಪ್ರೇಮಕಥೆಯೇ ಅಲ್ಲ, ಶೋಷಣೆಯ ಕಥೆ; ಇಲ್ಲದ ಒಲವನ್ನು ಹುಡುಕುವುದು ತಪ್ಪು ಎಂದು ಯಾರಾದರೂ ಹೇಳಬಹುದು. ಅಂಥ ಹೆಣ್ಣಿಗೆ ಆಯ್ಕೆಯೇ ಇರಲಿಲ್ಲ, ಆಕೆಯ ಮೌನವೇ ವಾಸ್ತವ ಎಂದೂ ವಾದಿಸಬಹುದು. ಆದರೆ ಆಯ್ಕೆ ಇಲ್ಲದವರಿಗೆ ಮನಸ್ಸೂ ಇಲ್ಲ ಎನ್ನಲಾಗದು. ಇದಕ್ಕೆ ಸಾಕ್ಷಿ ಈ ಚಿತ್ರದಲ್ಲೇ ಇದೆ. ಗಂಡನನ್ನು ಬಿಟ್ಟು ಬೇರೆ ಜಾತಿಯವನ ಜೊತೆ ಹೋದ ರಾಜಮ್ಮನನ್ನು ಪಂಚಾಯಿತಿ ಎದುರು ನಿಲ್ಲಿಸುತ್ತಾರೆ. ಹೊಟ್ಟೆಯ ಹಸಿವೊಂದೇ ಹಸಿವಲ್ಲ ಎಂದು ಆಕೆ ಊರ ಗಂಡಸರ ಮುಖಕ್ಕೆ ಹೇಳುತ್ತಾಳೆ, ಆಮೇಲೆ ಪ್ರಾಣ ಕಳೆದುಕೊಳ್ಳುತ್ತಾಳೆ. ಕೆಲವೇ ನಿಮಿಷ ಕಾಣುವ ರಾಜಮ್ಮನಿಗೆ ಸಿಕ್ಕ ಮಾತು ಕಥೆಯುದ್ದಕ್ಕೂ ಇರುವ ಲಕ್ಷ್ಮಿಗೆ ದಕ್ಕಿಲ್ಲ. ಲಕ್ಷ್ಮಿ ಬಾಯಿ ತೆರೆಯುವುದೇ ಇಲ್ಲವೆಂದಲ್ಲ. ಬಸುರು ತೆಗೆಸಲು ಒಪ್ಪುವುದಿಲ್ಲ, ಕೊನೆಯಲ್ಲಿ ಸೂರ್ಯನಿಗೆ ಹಿಡಿಶಾಪ ಹಾಕುತ್ತಾಳೆ. ಎರಡೂ ಗಟ್ಟಿ ಗಳಿಗೆಗಳೇ, ಆದರೆ ಎರಡೂ ಸೂರ್ಯನಿಗೆ ಕೊಟ್ಟ ಉತ್ತರಗಳು. ತನ್ನಷ್ಟಕ್ಕೆ ತಾನು ಏನು ಬಯಸಿದ್ದಳೆಂಬುದು ಜಾತ್ರೆಯ ಆ ಮೊದಲ ಬೇಡಿಕೆಗೇ ನಿಂತುಹೋಗಿದೆ.

ಆ ಕಾಲಕ್ಕೆ ಅಷ್ಟಾದರೂ ದೊಡ್ಡದಲ್ಲವೇ ಎಂಬ ಸಮಾಧಾನವೂ ಇದೆ. ಇದನ್ನು ಒಪ್ಪುವುದು ಕಷ್ಟ. ಅಮೆರಿಕದ ಬ್ಲ್ಯಾಕ್ ಪ್ಯಾಂಥರ್ಸ್ ಹೆಸರಿನಿಂದ ಪ್ರೇರಣೆ ಪಡೆದ ದಲಿತ ಪ್ಯಾಂಥರ್ಸ್ ಮುಂಬೈಯಲ್ಲಿ ಹುಟ್ಟಿದ್ದು 1972ರಲ್ಲಿ. ದಲಿತ ಸಚಿವ ಬಸವಲಿಂಗಪ್ಪನವರು ಕನ್ನಡ ಸಾಹಿತ್ಯವನ್ನು ಬೂಸಾ ಎಂದ ಮಾತಿನಿಂದ ಎದ್ದ ಬೂಸಾ ಗಲಾಟೆ ಕರ್ನಾಟಕವನ್ನು ಅಲ್ಲಾಡಿಸಿದ್ದು 1973ರಲ್ಲಿ. ಮಾತಾಡುವ ದಲಿತರು ಆಗಲೇ ಬೀದಿಗೆ ಬಂದಿದ್ದರು. ತೆರೆಯ ಮೇಲೆ ಮಾತ್ರ ಕಿಷ್ಟಯ್ಯ ಮೂಗನಾಗಿಯೇ ಉಳಿದ. ಹೊರಗಿನವರಿಗೆ ಒಳಗಿನ ಬದುಕು ಕಾಣದು ಎಂಬ ನೆಪವೂ ನಿಲ್ಲದು. ಬರ್ಲಿನ್‌ನಲ್ಲಿ ಹುಟ್ಟಿದ ಬಿಳಿಯ ಮೈಕೆಲ್ ರೋಮರ್ 1964ರಲ್ಲೇ ‘ನಥಿಂಗ್ ಬಟ್ ಎ ಮ್ಯಾನ್’ ಎಂಬ ಸ್ವತಂತ್ರ ಚಿತ್ರ ಮಾಡಿದ. ಅಲಬಾಮಾದ ಕಪ್ಪು ರೈಲ್ವೆ ಕೂಲಿ ಡಫ್, ಪಾದ್ರಿಯ ಮಗಳು ಜೋಸಿ ಪ್ರೀತಿಸಿ ಮದುವೆಯಾಗುತ್ತಾರೆ. ಬಿಳಿಯರೆದುರು ತಲೆ ಬಾಗದ ಡಫ್ ಕೆಲಸ ಕಳೆದುಕೊಳ್ಳುತ್ತಾನೆ, ಸಿಟ್ಟನ್ನು ಬಸುರಿ ಹೆಂಡತಿಯ ಮೇಲೆ ತೀರಿಸಿಕೊಂಡು ಮನೆ ಬಿಡುತ್ತಾನೆ, ಕೊನೆಗೆ ತನ್ನದೋ ಅಲ್ಲವೋ ಎಂಬ ಖಾತ್ರಿಯಿಲ್ಲದ ಮಗನನ್ನೂ ಕರೆದುಕೊಂಡು ಮರಳುತ್ತಾನೆ. ದಬ್ಬಾಳಿಕೆ ಅಲ್ಲಿಯೂ ಇದೆ, ಅದು ಇಬ್ಬರ ಅಡುಗೆಮನೆಯೊಳಗೆ ಹೇಗೆ ನುಗ್ಗುತ್ತದೆ ಎಂಬುದು ನಮಗೆ ಕಾಣುತ್ತದೆ. ಬೆನೆಗಲ್ ಕೈಯಲ್ಲಿ ಇದಕ್ಕಿಂತ ಜಟಿಲವಾದ ಕಥೆಯಿತ್ತು.

ಲಕ್ಷ್ಮಿಯಾಗಿ ಶಬಾನಾ ಕಣ್ಣಲ್ಲೇ ಎಲ್ಲ ಹೇಳಿದ್ದಾರೆ ಎಂಬುದು ಉಳಿದ ವಾದ. ಮಾತು ಮಾತಿನ ನಡುವೆ ಆಕೆ ತುಂಬಿದ ದುಗುಡ, ದಖ್ಖನಿ ನುಡಿಯನ್ನು ಒಗ್ಗಿಸಿಕೊಂಡ ರೀತಿ ಕಲಬುರಗಿ, ಬೀದರ್ ಕಡೆಯ ಕಿವಿಗೂ ಒಪ್ಪುವಂಥವು. ಆದರೆ ನಟಿ ಅಷ್ಟು ತುಂಬಬೇಕಾಯಿತು ಎಂದರೆ ಬರವಣಿಗೆಯಲ್ಲಿ ಅಷ್ಟು ಖಾಲಿಯಿತ್ತು ಎಂದೇ ಅರ್ಥ. ಕೊನೆಗೆ ಹೆಸರಿಲ್ಲದ ಹುಡುಗನೊಬ್ಬ ಸೂರ್ಯನ ಕಿಟಕಿಗೆ ಕಲ್ಲೆಸೆದು ಓಡುತ್ತಾನೆ, ತೆರೆ ಕೆಂಪಾಗುತ್ತದೆ. ಐವತ್ತು ವರ್ಷಗಳಿಂದ ಈ ಕಲ್ಲನ್ನು ಕ್ರಾಂತಿಯ ಮೊಳಕೆ ಎಂದು ಕೊಂಡಾಡುತ್ತಿದ್ದೇವೆ. ಏಟು ತಿಂದ ಕಿಷ್ಟಯ್ಯ, ಶಾಪ ಹಾಕಿದ ಲಕ್ಷ್ಮಿ ಆ ಹೊತ್ತಿಗೆ ಕಥೆಯಿಂದ ಬದಿಗೆ ಸರಿದಿರುತ್ತಾರೆ; ಪ್ರತಿಭಟನೆಯ ಕೆಲಸ ನಮಗೆ ಪರಿಚಯವಿಲ್ಲದವನ ಪಾಲಾಗುತ್ತದೆ. ಧಣಿಯ ಮನೆ ಹೇಗೆ ಕೆಡುತ್ತದೆ ಎಂಬುದನ್ನು ‘ಅಂಕುರ್’ ಚೆನ್ನಾಗಿ ಕಂಡಿತು. ದುಡಿಯುವವರ ಮನೆಯಲ್ಲಿ ಪ್ರೀತಿ ಹೇಗೆ ಉಳಿಯುತ್ತದೆ ಎಂದು ಕೇಳುವ ಕುತೂಹಲ ಅದಕ್ಕಿರಲಿಲ್ಲ. ಚಿತ್ರದ ದೊಡ್ಡಸ್ತಿಕೆಯನ್ನು ಒಪ್ಪುವವರು ಈ ಕೊರತೆಯನ್ನೂ ಒಪ್ಪಬೇಕು.